ಲೈಬೀರಿಯದ ಸಂಸ್ಕೃತಿ ಮತ್ತು ಜನಜೀವನ

ಲೈಬೀರಿಯದ ಸಂಸ್ಕೃತಿಯು ಪಶ್ಚಿಮ ಆಫ್ರಿಕಾದ ಅಟ್ಲಾಂಟಿಕ್ ಕರಾವಳಿಯಲ್ಲಿರುವ ಲೈಬೀರಿಯ ಗಣರಾಜ್ಯದ ಮೂಲನಿವಾಸಿ ಜನಾಂಗಗಳ ಪರಂಪರೆ ಹಾಗೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದು ಅಲ್ಲಿ ನೆಲೆಸಿದ ಆಫ್ರಿಕನ್ ಮೂಲದ ವಲಸಿಗರ ಪರಂಪರೆ, ಇವೆರಡೂ ಸೇರಿ ರೂಪುಗೊಂಡ ಜೀವನಕ್ರಮವಾಗಿದೆ. ಸಿಯೆರಾ ಲಿಯೋನ್, ಗಿನಿ ಮತ್ತು ಐವರಿ ಕೋಸ್ಟ್ ಈ ದೇಶದ ನೆರೆರಾಷ್ಟ್ರಗಳು, ರಾಜಧಾನಿ ಮನ್ರೋವಿಯ. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 52 ಲಕ್ಷ. ದೇಶದಲ್ಲಿ ಹದಿನಾರು ಮೂಲನಿವಾಸಿ ಜನಾಂಗಗಳನ್ನು ಅಧಿಕೃತವಾಗಿ ಗುರುತಿಸಲಾಗಿದೆ. ಹೀಗಿದ್ದರೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಧ್ವಜ, ಲಾಂಛನ ಮತ್ತು ರಾಷ್ಟ್ರೀಯ ಹಬ್ಬಗಳಲ್ಲಿ ಕಾಣಿಸಿಕೊಂಡದ್ದು, ಜನಸಂಖ್ಯೆಯಲ್ಲಿ ಅತ್ಯಲ್ಪರಾಗಿದ್ದ ವಲಸಿಗರ ಪರಂಪರೆಯೊಂದೇ. ಅಡುಗೆಮನೆ, ಸಂತೆ ಮತ್ತು ಆಡುಮಾತಿನಲ್ಲಿ ಎರಡೂ ಧಾರೆಗಳು ಬಹಳ ಹಿಂದೆಯೇ ಬೆರೆತುಹೋಗಿವೆ; ರಾಷ್ಟ್ರದ ಸಂಕೇತಗಳಲ್ಲಿ ಆ ಬೆರಕೆ ಇನ್ನೂ ಪೂರ್ಣಗೊಂಡಿಲ್ಲ.

ಹಿನ್ನೆಲೆ

‘ಲೈಬೀರಿಯ’ ಎಂಬ ಹೆಸರು ‘ಸ್ವತಂತ್ರ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಸ್ವತಂತ್ರರಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಕಳುಹಿಸುವ ಉದ್ದೇಶದಿಂದ 1816ರಲ್ಲಿ ಅಮೆರಿಕದಲ್ಲಿ ಅಮೆರಿಕನ್ ಕಾಲನೈಸೇಶನ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕೆಲವರೂ, ಸ್ವತಂತ್ರ ಕಪ್ಪು ಜನರು ತಮ್ಮ ನಡುವೆ ಇರುವುದನ್ನೇ ಒಲ್ಲದ ಗುಲಾಮರ ಒಡೆಯರೂ ಅದರಲ್ಲಿ ಒಟ್ಟಿಗಿದ್ದರೆಂಬುದು ಗಮನಾರ್ಹ. 1820ರಲ್ಲಿ ‘ಎಲಿಜಬೆತ್’ ಎಂಬ ಹಡಗು ಮೊದಲ ತಂಡವನ್ನು ಹೊತ್ತು ನ್ಯೂಯಾರ್ಕಿನಿಂದ ಹೊರಟಿತು. 1822ರಲ್ಲಿ ಮೆಸುರಾಡೊ ಭೂಶಿರದಲ್ಲಿ ವಸಾಹತು ನೆಲೆಯೂರಿತು. 1867ರ ವೇಳೆಗೆ ಹದಿಮೂರು ಸಾವಿರಕ್ಕೂ ಹೆಚ್ಚು ಜನರು ಹೀಗೆ ಬಂದರು. ಮಲೇರಿಯಾದಿಂದ ಅವರಲ್ಲಿ ಅನೇಕರು ಮೊದಲ ವರ್ಷಗಳಲ್ಲೇ ಅಸುನೀಗಿದರು. 1847ರ ಜುಲೈ 26ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ವರ್ಜೀನಿಯದಲ್ಲಿ ಜನಿಸಿದ ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್ ಮೊದಲ ಅಧ್ಯಕ್ಷರಾದರು.

ಅಟ್ಲಾಂಟಿಕ್ ಸಾಗರದಲ್ಲಿ ಗುಲಾಮರ ಹಡಗುಗಳನ್ನು ಅಮೆರಿಕದ ನೌಕಾಪಡೆ ಹಿಡಿದಾಗ ಬಿಡುಗಡೆಯಾದ ಆಫ್ರಿಕನ್ನರನ್ನೂ ಇಲ್ಲಿಯೇ ಇಳಿಸಲಾಯಿತು. ಅವರನ್ನು ‘ಕಾಂಗೊ’ ಜನರೆಂದು ಕರೆಯುತ್ತಿದ್ದರು. ಕಾಲಕ್ರಮದಲ್ಲಿ ಈ ಹೆಸರು ವಲಸಿಗ ಮೂಲದ ಎಲ್ಲರಿಗೂ ಅಂಟಿಕೊಂಡಿತು. ಇದಕ್ಕೆ ಪ್ರತಿಯಾಗಿ ಮೂಲನಿವಾಸಿಗಳು ‘ಕಂಟ್ರಿ’ ಜನರೆನಿಸಿಕೊಂಡರು. ಇಂದಿಗೂ ಒಬ್ಬ ವ್ಯಕ್ತಿಯ ಕುಲಮೂಲವನ್ನು ಹೇಳಲು ಈ ಎರಡು ಪದಗಳು ಬಳಕೆಯಲ್ಲಿವೆ. ಹೇಳುವ ದನಿಯನ್ನು ಅವಲಂಬಿಸಿ ಅವು ಪರಿಚಯವೂ ಆಗಬಹುದು, ನಿಂದೆಯೂ ಆಗಬಹುದು.

ಮೂಲನಿವಾಸಿಗಳ ಭಾಷೆಗಳು ಮಾಂಡೆ, ಕ್ರೂ ಮತ್ತು ಮೆಲ್ ಎಂಬ ಮೂರು ಗುಂಪುಗಳಿಗೆ ಸೇರುತ್ತವೆ. ಪೆಲೆ (ಬರಹದಲ್ಲಿ ಕ್ಪೆಲೆ) ಜನಾಂಗವು ಎಲ್ಲಕ್ಕಿಂತ ದೊಡ್ಡದು. ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ. ವಾಯ್, ಲೋಮ, ಮಾನೊ, ದಾನ್, ಮಂಡಿಂಗೊ ಜನರೂ ಮಾಂಡೆ ಗುಂಪಿನವರೇ. ಬಾಸ, ಕ್ರೂ, ಗ್ರೇಬೊ, ಕ್ರಾನ್ ಜನರು ಕ್ರೂ ಗುಂಪಿಗೂ, ಗೋಲ ಮತ್ತು ಕಿಸ್ಸಿ ಜನರು ಮೆಲ್ ಗುಂಪಿಗೂ ಸೇರುತ್ತಾರೆ. ಇವರಿಗೆ ತಮ್ಮದೇ ನೆಲದಲ್ಲಿ ಪೌರತ್ವ ದೊರೆತದ್ದು 1904ರಲ್ಲಿ, ಅಂದರೆ ಗಣರಾಜ್ಯ ಸ್ಥಾಪನೆಯಾಗಿ 57 ವರ್ಷಗಳ ನಂತರ.

ಎರಡು ಸಮುದಾಯಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಳನಾಡಿನ ಕುಟುಂಬಗಳು ಮಕ್ಕಳನ್ನು ಕರಾವಳಿಯ ವಲಸಿಗರ ಮನೆಗಳಲ್ಲಿ ಬೆಳೆಯಲು ಬಿಡುತ್ತಿದ್ದವು. ಆ ಮಕ್ಕಳು ಮನೆಗೆಲಸ ಮಾಡುತ್ತ ಶಾಲೆ ಕಲಿಯುತ್ತಿದ್ದರು. ಅನೇಕ ವೇಳೆ ಸಾಕಿದವರ ಮನೆತನದ ಹೆಸರನ್ನೇ ಪಡೆಯುತ್ತಿದ್ದರು. ಇದರಿಂದ ಕೆಲವರು ಉನ್ನತ ಹುದ್ದೆಗೆ ಏರಿದರು, ಕೆಲವರು ಆಳುಗಳಾಗಿಯೇ ಉಳಿದರು. ಇಂದು ಇಂಗ್ಲಿಷ್ ಹೆಸರಿನ ಲೈಬೀರಿಯನ್ ಒಬ್ಬನ ಮೂಲವನ್ನು ಹೆಸರಿನಿಂದಲೇ ಊಹಿಸಲಾಗದಿರುವುದಕ್ಕೆ ಈ ಪದ್ಧತಿಯೂ ಒಂದು ಕಾರಣ.

ರಾಷ್ಟ್ರೀಯ ಸಂಕೇತಗಳು ಮತ್ತು ಹಬ್ಬಗಳು

ಒಂದು ನಕ್ಷತ್ರ, ಹನ್ನೊಂದು ಪಟ್ಟೆಗಳ ಲೈಬೀರಿಯದ ಧ್ವಜ ನೋಡಿದೊಡನೆ ಅಮೆರಿಕದ ಧ್ವಜವನ್ನು ನೆನಪಿಸುತ್ತದೆ. ಹನ್ನೊಂದು ಪಟ್ಟೆಗಳು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಹನ್ನೊಂದು ಮಂದಿಯನ್ನು ಸೂಚಿಸುತ್ತವೆ. ಏಳು ಮಂದಿ ಮಹಿಳೆಯರು ಹೊಲಿದ ಈ ಧ್ವಜವನ್ನು 1847ರ ಆಗಸ್ಟ್ 24ರಂದು ಅಂಗೀಕರಿಸಲಾಯಿತು. ಆ ದಿನ ಇಂದಿಗೂ ಧ್ವಜದಿನ. ರಾಷ್ಟ್ರಲಾಂಛನದಲ್ಲಿ ದಡಕ್ಕೆ ಬರುತ್ತಿರುವ ಹಡಗಿನ ಚಿತ್ರವಿದೆ, ಮೇಲೆ ‘ಸ್ವಾತಂತ್ರ್ಯಪ್ರೇಮವು ನಮ್ಮನ್ನು ಇಲ್ಲಿಗೆ ಕರೆತಂದಿತು’ ಎಂಬರ್ಥದ ಧ್ಯೇಯವಾಕ್ಯವಿದೆ. ಈ ವಾಕ್ಯದಲ್ಲಿರುವ ‘ನಮ್ಮನ್ನು’ ಎಂಬ ಒಂದು ಪದವೇ ವಿವಾದದ ಮೂಲ. ಹಡಗು ಬರುವ ಮೊದಲೇ ದಡದಲ್ಲಿದ್ದವರನ್ನು ಯಾರೂ ಕರೆತಂದಿರಲಿಲ್ಲ. ಇದನ್ನು ಬದಲಿಸಬೇಕೆಂಬ ಬೇಡಿಕೆ ಮತ್ತೆ ಮತ್ತೆ ಕೇಳಿಬಂದಿದೆ.

ಹಬ್ಬಗಳಲ್ಲಿಯೂ ಇಂಥದೇ ಒಂದು ಕಥೆಯಿದೆ. 1822ರಲ್ಲಿ ಮೂಲನಿವಾಸಿಗಳು ವಸಾಹತಿನ ಮೇಲೆ ದಾಳಿ ಮಾಡಿದಾಗ ಮಟಿಲ್ಡಾ ನ್ಯೂಪೋರ್ಟ್ ಎಂಬ ವಲಸಿಗ ಮಹಿಳೆ ಫಿರಂಗಿ ಹಾರಿಸಿ ಅವರನ್ನು ಹಿಮ್ಮೆಟ್ಟಿಸಿದಳೆಂಬ ಐತಿಹ್ಯವಿದೆ. ಅವಳ ನೆನಪಿಗೆ ಡಿಸೆಂಬರ್ 1ರಂದು ರಾಷ್ಟ್ರೀಯ ರಜೆ ಇತ್ತು. ತಮ್ಮ ಪೂರ್ವಜರು ಸೋತ ದಿನವನ್ನೇ ದೇಶದ ಬಹುಪಾಲು ಮಕ್ಕಳು ಶಾಲೆಗಳಲ್ಲಿ ಸಂಭ್ರಮಿಸಬೇಕಾಗಿತ್ತು. 1980ರಲ್ಲಿ ಈ ರಜೆ ರದ್ದಾಯಿತು.

ನವೆಂಬರ್ ತಿಂಗಳ ಮೊದಲ ಗುರುವಾರದ ಕೃತಜ್ಞತಾ ದಿನವು ಅಮೆರಿಕದಿಂದ ಬಂದ ಆಚರಣೆ. ಮಾರ್ಚ್ ತಿಂಗಳ ಎರಡನೆಯ ಬುಧವಾರ ಬರುವ ಅಲಂಕರಣ ದಿನದ ಮಹತ್ವ ಇದಕ್ಕಿಂತ ದೊಡ್ಡದು. ಅಂದು ಕುಟುಂಬದವರೆಲ್ಲ ಸ್ಮಶಾನಕ್ಕೆ ಹೋಗಿ ಹಿರಿಯರ ಗೋರಿಗಳ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಡುತ್ತಾರೆ. ಪೂರ್ವಜರನ್ನು ಗೌರವಿಸುವ ಆಫ್ರಿಕನ್ ಸಂಪ್ರದಾಯವೂ ಅಮೆರಿಕದ ಗೋರಿಪೂಜೆಯೂ ಇಲ್ಲಿ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ.

ಈ ಆಚರಣೆಗೆ ಬಿದ್ದ ಅತ್ಯಂತ ದೊಡ್ಡ ಪೆಟ್ಟು 2014ರ ಎಬೋಲಾ ಪಿಡುಗು. ಲೈಬೀರಿಯದಲ್ಲಿ ಈ ರೋಗಕ್ಕೆ ಸುಮಾರು 4,800 ಮಂದಿ ಬಲಿಯಾದರು. ಶವವನ್ನು ತೊಳೆದು, ಸ್ಪರ್ಶಿಸಿ ಬೀಳ್ಕೊಡುವ ಪದ್ಧತಿಯಿಂದ ಸೋಂಕು ಹರಡುತ್ತಿತ್ತು. ಆದಕಾರಣ ಸರ್ಕಾರವು ಮನ್ರೋವಿಯ ಪ್ರದೇಶದ ಶವಗಳನ್ನು ಸುಡಬೇಕೆಂದು ಆಜ್ಞೆ ಮಾಡಿತು. ಶವವನ್ನು ಸುಡುವುದು ಅಲ್ಲಿನ ಕ್ರೈಸ್ತರಿಗಾಗಲಿ ಮುಸ್ಲಿಮರಿಗಾಗಲಿ ರೂಢಿಯಿರಲಿಲ್ಲ. ಅದಕ್ಕೆ ಒದಗಿದ್ದು ಅಲ್ಲಿ ನೆಲೆಸಿರುವ ಭಾರತೀಯ ಹಿಂದೂಗಳು ತಮ್ಮ ಅಂತ್ಯಕ್ರಿಯೆಗಾಗಿ ನಡೆಸುತ್ತಿದ್ದ, ನಗರದ ಹೊರಗಿನ ಬಾಯ್ಸ್ ಟೌನ್ ಎಂಬಲ್ಲಿದ್ದ ಚಿತಾಗಾರ. ಸತ್ತವರ ಬೂದಿ ಒಟ್ಟಾಗಿ ಉಳಿಯಿತು. ಯಾರ ಬೂದಿ ಯಾವುದೆಂದು ಗುರುತಿಸುವಂತಿರಲಿಲ್ಲ. 2015ರ ಮಾರ್ಚ್‌ನಲ್ಲಿ ಅದನ್ನು ಡಿಸ್ಕೊ ಹಿಲ್ ಎಂಬ ಹೊಸ ಸ್ಮಶಾನಕ್ಕೆ ಸಾಗಿಸಲಾಯಿತು. ಆ ವರ್ಷದ ಅಲಂಕರಣ ದಿನದಂದು ಸುಣ್ಣ ಬಳಿಯಲು ಗೋರಿಯೇ ಇಲ್ಲದ ಕುಟುಂಬಗಳು ಅಲ್ಲಿ ಸೇರಿದವು.

ಆಹಾರ

ಅನ್ನ ಉಣ್ಣದಿದ್ದರೆ ಅಂದು ಊಟವೇ ಮಾಡಿಲ್ಲವೆಂದು ಲೈಬೀರಿಯನ್ನರು ಹೇಳುತ್ತಾರೆ. ಬ್ರೆಡ್ಡು, ಗೆಣಸು, ಬಾಳೆಕಾಯಿ ಎಷ್ಟು ತಿಂದರೂ ಅದು ಲೆಕ್ಕಕ್ಕಿಲ್ಲ. ಯೂರೋಪಿನ ವ್ಯಾಪಾರಿಗಳು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಆಫ್ರಿಕಾದ ಸ್ವಂತ ಭತ್ತದ ಜಾತಿಯನ್ನು ಬೆಳೆಯುತ್ತಿದ್ದರು. ಪಶ್ಚಿಮ ಆಫ್ರಿಕಾದ ಈ ಭತ್ತದ ಸೀಮೆಯಿಂದ ಗುಲಾಮರಾಗಿ ಹೋದವರು ಅಮೆರಿಕದ ದಕ್ಷಿಣ ಕೆರೊಲಿನದ ಗದ್ದೆಗಳಲ್ಲಿ ದುಡಿದರು. ಮರಗೆಣಸು, ಮೆಕ್ಕೆಜೋಳ, ಮೆಣಸಿನಕಾಯಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಅಮೆರಿಕ ಖಂಡದಿಂದ ಆಫ್ರಿಕಾಕ್ಕೆ ಬಂದವು. ಹೀಗಾಗಿ ಲೈಬೀರಿಯದ ತಟ್ಟೆಯಲ್ಲಿ ಯಾವುದು ಸ್ಥಳೀಯ, ಯಾವುದು ಪರಕೀಯ ಎಂದು ಗೆರೆ ಎಳೆಯುವುದು ಸುಲಭವಲ್ಲ.

ಅನ್ನದೊಡನೆ ಬಡಿಸುವ ಗಟ್ಟಿ ಸಾರುಗಳನ್ನು ‘ಸೂಪ್’ ಎಂದೇ ಕರೆಯುತ್ತಾರೆ. ಮರಗೆಣಸಿನ ಎಳೆಯ ಸೊಪ್ಪನ್ನು ಕುಟ್ಟಿ, ತಾಳೆ ಎಣ್ಣೆ, ಖಾರದ ಮೆಣಸಿನಕಾಯಿ, ಮಾಂಸ ಮತ್ತು ಒಣಮೀನು ಸೇರಿಸಿ ಬೇಯಿಸುವ ಸಾರು ಎಲ್ಲೆಡೆ ಪ್ರಿಯವಾದುದು. ಸಿಹಿಗೆಣಸಿನ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮಾಡುವ ಸಾರು ಇನ್ನೊಂದು. ಸೆಣಬಿನ ಜಾತಿಯ ಗಿಡದ ಸೊಪ್ಪಿನಿಂದ ಮಾಡುವ, ತುಸು ಲೋಳೆಯಾದ ‘ಪಲಾವ ಸಾಸ್’ ಮತ್ತೊಂದು. ಆಗ್ನೇಯ ಕರಾವಳಿಯ ಕ್ರೂ ಮತ್ತು ಗ್ರೇಬೊ ಜನರಲ್ಲಿ ‘ಪಾಮ್ ಬಟರ್’ ವಿಶೇಷ: ತಾಳೆಹಣ್ಣನ್ನು ಬೇಯಿಸಿ, ಒರಳಿನಲ್ಲಿ ಕುಟ್ಟಿ, ನಾರನ್ನು ಸೋಸಿ ತೆಗೆದ ರಸವನ್ನು ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಲೋಫಾ ಪ್ರಾಂತದ ‘ಟೊರ್ಬೊಗಿ’ಗೆ ಬೂದಿಯಿಂದ ತೆಗೆದ ಕ್ಷಾರವನ್ನೂ ಕಹಿ ಬದನೆಯನ್ನೂ ಹಾಕುತ್ತಾರೆ, ಅದರ ರುಚಿ ಹೊರಗಿನವರಿಗೆ ಒಗ್ಗಲು ಕಾಲ ಬೇಕು. ಬೇಯಿಸಿದ ಮರಗೆಣಸನ್ನು ಒರಳಿನಲ್ಲಿ ಅಂಟಾಗುವಂತೆ ಕುಟ್ಟಿದರೆ ‘ಡಂಬಾಯ್’. ಹುಳಿ ಬರಿಸಿದ ಮರಗೆಣಸಿನಿಂದ ಮಾಡಿದರೆ ‘ಫುಫು’. ಮುದ್ದೆಯಂತೆ ತುತ್ತು ಮುರಿದು, ಖಾರದ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ಕ್ರಮ. ಜೋಳದ ಬ್ರೆಡ್ಡು, ಸಿಹಿಗೆಣಸಿನ ಕಡುಬು, ಶುಂಠಿಯ ಪಾನೀಯ ಮೊದಲಾದವು ವಲಸಿಗರ ಮನೆಗಳಿಂದ ಬಂದವು. ಅಕ್ಕಿಹಿಟ್ಟು ಮತ್ತು ಬಾಳೆಹಣ್ಣನ್ನು ಬೆರೆಸಿ ಬೇಯಿಸುವ ‘ರೈಸ್ ಬ್ರೆಡ್’ನಲ್ಲಿ ಅಮೆರಿಕದ ಒಲೆಯೂ ಆಫ್ರಿಕಾದ ಕಣಜವೂ ಸಂಧಿಸಿವೆ.

ಅಕ್ಕಿಯ ಬೆಲೆ ಇಲ್ಲಿ ರಾಜಕೀಯದ ಬೆಲೆಯೂ ಹೌದು. ದೇಶೀಯ ಕೃಷಿಯನ್ನು ಉತ್ತೇಜಿಸುವ ಕಾರಣ ನೀಡಿ ಸರ್ಕಾರವು 1979ರಲ್ಲಿ ನೂರು ಪೌಂಡಿನ ಅಕ್ಕಿ ಮೂಟೆಯ ಬೆಲೆಯನ್ನು 22 ಡಾಲರಿನಿಂದ ಏರಿಸಲು ಹೊರಟಿತು. ಏಪ್ರಿಲ್ 14ರಂದು ಮನ್ರೋವಿಯದಲ್ಲಿ ನಡೆದ ಪ್ರತಿಭಟನೆಯ ಮೇಲೆ ಗುಂಡು ಹಾರಿ ಹಲವರು ಸತ್ತರು, ನಗರ ಲೂಟಿಯಾಯಿತು. ಮರುವರ್ಷ, 1980ರ ಏಪ್ರಿಲ್ 12ರಂದು, ಸ್ಯಾಮ್ಯುಯೆಲ್ ಡೋ ನೇತೃತ್ವದ ಸೈನಿಕರು ಅಧ್ಯಕ್ಷ ವಿಲಿಯಂ ಟಾಲ್ಬರ್ಟ್ ಅವರನ್ನು ಕೊಂದು ಅಧಿಕಾರ ಹಿಡಿದರು. ವಲಸಿಗ ವರ್ಗದ ಟ್ರೂ ವಿಗ್ ಪಕ್ಷವು ನೂರಕ್ಕೂ ಹೆಚ್ಚು ವರ್ಷ ನಡೆಸಿದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅಕ್ಕಿಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಬಹುಕಾಲದ ಅಸಮಾಧಾನಕ್ಕೆ ಬಾಯಿ ಕೊಟ್ಟದ್ದು ಅಕ್ಕಿಯೇ. ಈಗಲೂ ದೇಶಕ್ಕೆ ಬೇಕಾದ ಅಕ್ಕಿಯಲ್ಲಿ ದೊಡ್ಡ ಪಾಲು ಆಮದಾಗುತ್ತದೆ. ಅದರಲ್ಲಿ ಭಾರತದ ಕುಸುಬಲಕ್ಕಿಯೇ ಪ್ರಮುಖವಾದುದರಿಂದ ದೆಹಲಿಯ ರಫ್ತು ನಿರ್ಬಂಧದ ಸುದ್ದಿ ಮನ್ರೋವಿಯದ ಸಂತೆಯಲ್ಲಿ ಕಳವಳ ಹುಟ್ಟಿಸುತ್ತದೆ.

ಮಾತು ಮತ್ತು ನಡವಳಿಕೆ

ಆಡಳಿತ ಭಾಷೆ ಇಂಗ್ಲಿಷ್. ಜನರು ಪರಸ್ಪರ ಆಡುವುದು ‘ಕೊಲೊಕ್ವ’ ಎಂದು ಕರೆಯಲಾಗುವ ಲೈಬೀರಿಯನ್ ಇಂಗ್ಲಿಷನ್ನು. ಪದಾಂತ್ಯದ ವ್ಯಂಜನಗಳು ಅದರಲ್ಲಿ ಉದುರಿಹೋಗುತ್ತವೆ, ವಾಕ್ಯದ ಕೊನೆಗೆ ಒತ್ತಿಗಾಗಿ ‘ಓ’ ಸೇರುತ್ತದೆ, ‘ಸ್ಮಾಲ್-ಸ್ಮಾಲ್’ ಎಂಬಂಥ ದ್ವಿರುಕ್ತಿಗಳು ಹೇರಳ. ಕುಶಲವನ್ನು ವಿಚಾರಿಸುವಾಗ ‘ಮೈ ಹೇಗಿದೆ?’ ಎಂದು ಕೇಳುವುದು ವಾಡಿಕೆ. ಉತ್ತರವಾಗಿ ‘ಹೇಗೋ ಸ್ವಲ್ಪ ಸ್ವಲ್ಪ ನಡೆದಿದೆ’ ಎಂಬ ಅರ್ಥದ ಮಾತು ಬರುತ್ತದೆ. ಇದನ್ನು ಕೆಟ್ಟ ಇಂಗ್ಲಿಷ್ ಎಂದು ಶಾಲೆಗಳು ದೀರ್ಘಕಾಲ ತಿದ್ದಿದವು. ವಾಸ್ತವದಲ್ಲಿ ಹದಿನಾರು ಜನಾಂಗದವರು ಮತ್ತು ವಲಸಿಗರ ಮಕ್ಕಳು ಯಾರ ಅಪ್ಪಣೆಯನ್ನೂ ಕಾಯದೆ ಸೇರಿ ಕಟ್ಟಿದ ಭಾಷೆ ಇದೊಂದೇ. ಯುದ್ಧಾನಂತರದ ಯುವಕರ ‘ಹಿಪ್ಕೊ’ ಸಂಗೀತವು ಕೊಲೊಕ್ವದಲ್ಲಿಯೇ ಹಾಡಿ ಅದಕ್ಕೆ ಹೊಸ ಮಾನ್ಯತೆ ತಂದಿದೆ.

ಇಬ್ಬರು ಲೈಬೀರಿಯನ್ನರು ಕೈಕುಲುಕಿದಾಗ ಕೊನೆಯಲ್ಲಿ ಒಬ್ಬರ ನಡುಬೆರಳನ್ನು ಇನ್ನೊಬ್ಬರ ಬೆರಳು ಹಿಡಿದು ಚಿಟಿಕೆಯ ಸದ್ದು ಹೊರಡಿಸುತ್ತವೆ. ಗುಲಾಮರ ಬೆರಳನ್ನು ಒಡೆಯರು ಮುರಿಯುತ್ತಿದ್ದರೆಂದೂ, ಈ ಸದ್ದು ಬಿಡುಗಡೆಯ ಗುರುತೆಂದೂ ಜನಜನಿತವಾದ ಕಥೆಯೊಂದು ಹೇಳುತ್ತದೆ. ಅತಿಥಿಗೆ ಕೋಲಾ ಬೀಜವನ್ನು ಖಾರದ ಮೆಣಸಿನೊಡನೆ ನೀಡುವುದು ತಾಂಬೂಲದಂತೆ ಗೌರವಸೂಚಕ. ಜಗಳ ತೀರ್ಮಾನಕ್ಕೆ ಊರ ನಡುವಿನ, ಸುತ್ತ ಗೋಡೆಯಿಲ್ಲದ ದುಂಡನೆಯ ‘ಪಲಾವ ಗುಡಿಸಲು’ ಇದೆ. ಮಹಿಳೆಯರೇ ಹೆಚ್ಚಾಗಿ ನಡೆಸುವ ಸಂತೆಗಳಲ್ಲಿ ‘ಸುಸು’ ಎಂಬ ಚೀಟಿ ವ್ಯವಹಾರ ಬ್ಯಾಂಕಿನ ಕೆಲಸವನ್ನು ಮಾಡುತ್ತದೆ. ಬೀದಿಗಳಲ್ಲಿ ಓಡಾಡುವ ‘ಕೆಕೆ’ ಎಂಬ ಮೂರು ಚಕ್ರದ ವಾಹನ ಭಾರತೀಯ ಓದುಗರಿಗೆ ಚಿರಪರಿಚಿತವಾದ ಆಟೋರಿಕ್ಷಾವೇ.

ವಾಯ್ ಲಿಪಿ

ಲೈಬೀರಿಯದ ಪರಂಪರೆಯಲ್ಲಿ ಹೊರಜಗತ್ತು ಇನ್ನೂ ಹೆಚ್ಚು ತಿಳಿಯಬೇಕಾದ ಸಂಗತಿ ವಾಯ್ ಲಿಪಿ. 1830ರ ದಶಕದ ಆರಂಭದಲ್ಲಿ ವಾಯವ್ಯದ ಕೇಪ್ ಮೌಂಟ್ ಪ್ರದೇಶದ ಜೊಂಡು ಎಂಬ ಹಳ್ಳಿಯ ಮೊಮೊಲು ಡುವಾಲು ಬುಕೆಲೆ ಇದನ್ನು ರಚಿಸಿದರು. ಕನಸಿನಲ್ಲಿ ಕಂಡ ಬರಹ ಇದಕ್ಕೆ ಪ್ರೇರಣೆಯೆಂದು ಅವರೇ ಹೇಳಿಕೊಂಡಿದ್ದರು. 1849ರಲ್ಲಿ ಅಲ್ಲಿಗೆ ಭೇಟಿ ನೀಡಿದ ಜರ್ಮನ್ ವಿದ್ವಾಂಸ ಸಿಗಿಸ್ಮಂಡ್ ಕೋಲೆ ಲಿಪಿಯ ವಿವರಗಳನ್ನು ದಾಖಲಿಸಿದರು. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಚಿಹ್ನೆಗಳಿವೆ. ಕನ್ನಡದ ಕಾಗುಣಿತದಲ್ಲಿ ‘ಕ’, ‘ಕಿ’, ‘ಕು’ಗಳ ನಡುವೆ ಮೂಲಾಕ್ಷರದ ಹೋಲಿಕೆ ಉಳಿಯುತ್ತದೆ, ವಾಯ್ ಲಿಪಿಯಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಉಚ್ಚಾರಾಂಶಕ್ಕೂ ಬೇರೆಯದೇ ಚಿಹ್ನೆಯುಂಟು. 1962ರಲ್ಲಿ ಲೈಬೀರಿಯ ವಿಶ್ವವಿದ್ಯಾಲಯದಲ್ಲಿ ಚಿಹ್ನೆಗಳನ್ನು ಪರಿಷ್ಕರಿಸಿ ಒಂದು ಕ್ರಮಕ್ಕೆ ತರಲಾಯಿತು. 2008ರಲ್ಲಿ ಲಿಪಿಯು ಯೂನಿಕೋಡಿಗೆ ಸೇರಿತು.

ಈ ಲಿಪಿಗೆ ಶಾಲೆಯಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಬಲ್ಲವರೊಬ್ಬರ ಬಳಿ ಕುಳಿತು ಕೆಲವು ತಿಂಗಳಲ್ಲಿ ಕಲಿತು, ಪತ್ರ ಬರೆಯಲು, ಸಾಲದ ಲೆಕ್ಕ ಇಡಲು, ಮನೆತನದ ಸಂಗತಿ ದಾಖಲಿಸಲು ಬಳಸುತ್ತಿದ್ದರು. ಅದೇ ಊರಿನಲ್ಲಿ ಕುರಾನ್ ಓದಲು ಅರಬ್ಬಿಯನ್ನೂ, ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿಯುವವರಿದ್ದರು. ಓದುಬರಹ ಮನುಷ್ಯನ ಆಲೋಚನೆಯನ್ನೇ ಬದಲಿಸುತ್ತದೆಯೆ ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತಮ ಪ್ರಯೋಗಶಾಲೆ ದೊರೆಯದೆಂದು ಮನಶ್ಶಾಸ್ತ್ರಜ್ಞರಾದ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ 1970ರ ದಶಕದಲ್ಲಿ ಇಲ್ಲಿ ಅಧ್ಯಯನ ನಡೆಸಿದರು. ಶಾಲೆಯ ಶಿಕ್ಷಣದಿಂದ ಬರುತ್ತವೆಂದು ಭಾವಿಸಲಾದ ಸಾಮರ್ಥ್ಯಗಳು ಅಕ್ಷರಜ್ಞಾನ ಮಾತ್ರದಿಂದ ಬರುವುದಿಲ್ಲ, ಒಂದೊಂದು ಬಗೆಯ ಓದುಬರಹವೂ ತನ್ನ ಬಳಕೆಗೆ ತಕ್ಕ ನೈಪುಣ್ಯವನ್ನು ಬೆಳೆಸುತ್ತದೆ ಎಂಬುದು 1981ರಲ್ಲಿ ಪ್ರಕಟವಾದ ಅವರ ಗ್ರಂಥದ ತಿರುಳು. ಅದು ಇಂದಿಗೂ ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ಓದುವ ಕೃತಿ. ಬಾಸ, ಪೆಲೆ ಮತ್ತು ಲೋಮ ಭಾಷೆಗಳಿಗೂ ಇಪ್ಪತ್ತನೆಯ ಶತಮಾನದಲ್ಲಿ ಸ್ವಂತ ಲಿಪಿಗಳು ಬಳಕೆಗೆ ಬಂದವು. ಇಷ್ಟಾದರೂ, ಅಕ್ಷರವೆಂಬುದು ಹಡಗಿನಲ್ಲಿ ಬಂದಿತೆಂಬ ಭಾವನೆ ಅಲ್ಲಿನ ಶಾಲೆಗಳಲ್ಲಿ ಬಹುಕಾಲ ಉಳಿಯಿತು.

ಸಂಘಗಳು, ಮುಖವಾಡಗಳು, ಕೌದಿಗಳು

ವಾಯವ್ಯ ಮತ್ತು ಮಧ್ಯ ಭಾಗದ ಅನೇಕ ಜನಾಂಗಗಳಲ್ಲಿ ಪುರುಷರಿಗೆ ‘ಪೋರೊ’, ಸ್ತ್ರೀಯರಿಗೆ ‘ಸಾಂದೆ’ ಎಂಬ ಗುಪ್ತಸಂಘಗಳಿವೆ. ಹರೆಯದವರನ್ನು ಕಾಡಿನ ಶಿಬಿರಕ್ಕೆ ಕರೆದೊಯ್ದು ಕುಲದ ಇತಿಹಾಸ, ಔಷಧಿ, ನೃತ್ಯ, ಗೃಹಕೃತ್ಯ, ಮೌನವನ್ನು ಕಾಯುವ ಶಿಸ್ತು ಇವನ್ನು ಕಲಿಸುತ್ತಾರೆ. ಸಾಂದೆಯ ನುಣುಪಾದ ಕಪ್ಪು ಶಿರಸ್ತ್ರಾಣದಂಥ ಮುಖವಾಡವನ್ನು ಧರಿಸಿ ಕುಣಿಯುವವರು ಸ್ತ್ರೀಯರೇ; ಆಫ್ರಿಕಾದ ಮುಖವಾಡ ಪರಂಪರೆಯಲ್ಲಿ ಇದು ಅಪರೂಪ. ಈ ಶಿಬಿರಗಳಲ್ಲಿ ಬಾಲಕಿಯರ ಜನನಾಂಗ ಛೇದನವೂ ನಡೆಯುತ್ತ ಬಂದಿದೆ. ಲೈಬೀರಿಯದ ಮಹಿಳಾ ಸಂಘಟನೆಗಳೇ ಇದರ ವಿರುದ್ಧ ದೀರ್ಘಕಾಲ ಹೋರಾಡಿವೆ. 2023ರ ಫೆಬ್ರವರಿಯಲ್ಲಿ ಸಾಂಪ್ರದಾಯಿಕ ಮುಖಂಡರ ಮಂಡಳಿಯು ಇದಕ್ಕೆ ನಿಷೇಧ ಘೋಷಿಸಿತು. ಸಂಘದ ವಿದ್ಯೆಯನ್ನು ಉಳಿಸಿಕೊಂಡು ಈ ಕ್ರೂರ ಪದ್ಧತಿಯನ್ನು ಕೈಬಿಡುವ ದಾರಿಯನ್ನು ಈಗ ಒಳಗಿನವರೇ ಹುಡುಕುತ್ತಿದ್ದಾರೆ.

ಮುಖವಾಡದ ಕುಣಿತಗಾರರನ್ನು ಲೈಬೀರಿಯನ್ ಇಂಗ್ಲಿಷಿನಲ್ಲಿ ‘ಕಂಟ್ರಿ ಡೆವಿಲ್’ ಎನ್ನುತ್ತಾರೆ. ಪೂಜ್ಯ ಚೇತನಗಳಿಗೆ ಸೈತಾನನ ಹೆಸರು ಅಂಟಿದ್ದು ಕ್ರೈಸ್ತರ ದೃಷ್ಟಿಯ ಫಲ. ಈಗ ಅದನ್ನು ಮೂಲನಿವಾಸಿಗಳೂ ಯಾವ ಅಳುಕಿಲ್ಲದೆ ಬಳಸುತ್ತಾರೆ. ನಿಂಬಾ ಪ್ರಾಂತದ ದಾನ್ ಜನರ ಮುಖವಾಡಗಳು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಅವರಲ್ಲಿ ಊರಿನ ಅತ್ಯಂತ ಅತಿಥಿಪ್ರೇಮಿ ಹೆಂಗಸಿಗೆ ಗೌರವವಾಗಿ ಕೆತ್ತನೆಯ ದೊಡ್ಡ ಮರದ ಸೌಟನ್ನು ಕೊಡುವ ಪದ್ಧತಿಯೂ ಇದೆ.

ವಲಸಿಗ ಮಹಿಳೆಯರ ಕಲೆಯೆಂದರೆ ಕೌದಿ. ಟೆನೆಸಿಯಲ್ಲಿ ಗುಲಾಮಳಾಗಿ ಹುಟ್ಟಿ, ಬಾಲ್ಯದಲ್ಲಿ ಲೈಬೀರಿಯಕ್ಕೆ ಬಂದ ಮಾರ್ಥಾ ಆನ್ ರಿಕ್ಸ್ ಕಾಫಿ ಗಿಡದ ಚಿತ್ರವುಳ್ಳ ಕೌದಿಯನ್ನು ಹೊಲಿದು, ಹಲವು ದಶಕಗಳ ಕಾಲ ಹಣ ಕೂಡಿಟ್ಟು, 1892ರ ಜುಲೈನಲ್ಲಿ ವಿಂಡ್ಸರ್ ಅರಮನೆಗೆ ಹೋಗಿ ವಿಕ್ಟೋರಿಯಾ ರಾಣಿಗೆ ಒಪ್ಪಿಸಿದಳು. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಲೈಬೀರಿಯದ ಹೆಸರನ್ನೇ ಹೊತ್ತ ಲೈಬೀರಿಕಾ ಕಾಫಿಗೆ ಕರ್ನಾಟಕದೊಡನೆ ಸಂಬಂಧವಿದೆ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವು ರೂಪಿಸಿದ, ಮಲೆನಾಡಿನ ತೋಟಗಳಲ್ಲಿ ಮನೆಮಾತಾದ ಎಸ್. 795 ತಳಿಯ ವಂಶದಲ್ಲಿ ಅರೇಬಿಕಾದೊಡನೆ ಲೈಬೀರಿಕಾದ ಅಂಶವೂ ಇದೆ.

ಯುದ್ಧ ಮತ್ತು ನಷ್ಟ

1989ರಿಂದ 1997ರವರೆಗೆ ಹಾಗೂ 1999ರಿಂದ 2003ರವರೆಗೆ ನಡೆದ ಎರಡು ಅಂತರ್ಯುದ್ಧಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಸತ್ತರೆಂಬ ಅಂದಾಜಿದೆ. ಮನ್ರೋವಿಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗಿ ಅದರ ಸಂಗ್ರಹದ ಬಹುಭಾಗ ಕಳೆದುಹೋಯಿತು. ಜನಾಂಗಗಳ ನೃತ್ಯ ಮತ್ತು ಕಲೆಯ ಕೇಂದ್ರವಾಗಿ 1960ರ ದಶಕದಲ್ಲಿ ಸ್ಥಾಪಿತವಾಗಿದ್ದ ಕೆಂಡೇಜ ಸಾಂಸ್ಕೃತಿಕ ಗ್ರಾಮದ ಜಾಗದಲ್ಲಿ ಯುದ್ಧಾನಂತರ ವಿಹಾರಧಾಮದ ಹೋಟೆಲೊಂದು ಎದ್ದಿತು. ಸಂಗ್ರಹಾಲಯವನ್ನು ಬಂದೂಕು ಹಿಡಿದವರು ಕಳೆದರೆ, ಕೆಂಡೇಜವನ್ನು ಶಾಂತಿಕಾಲವೇ ಕಳೆದುಕೊಂಡಿತು. 2003ರಲ್ಲಿ ಬಿಳಿ ಅಂಗಿ ತೊಟ್ಟು ಮೀನುಮಾರುಕಟ್ಟೆಯ ಬಳಿ ದಿನವೂ ಕುಳಿತು ಶಾಂತಿಗಾಗಿ ಒತ್ತಾಯಿಸಿದ ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರ ಚಳವಳಿ ಲೋಕಪ್ರಸಿದ್ಧ. ಅದರ ನಾಯಕಿ ಲೇಮಾ ಬೋವೀ ಹಾಗೂ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ 2011ರ ನೊಬೆಲ್ ಶಾಂತಿ ಪುರಸ್ಕಾರವನ್ನು ಪಡೆದವರಲ್ಲಿ ಇಬ್ಬರು. ವಿಶ್ವಸಂಸ್ಥೆಯ ಶಾಂತಿಪಡೆಯ ಭಾಗವಾಗಿ 2007ರಿಂದ 2016ರವರೆಗೆ ಭಾರತದ ಮಹಿಳಾ ಪೊಲೀಸ್ ತುಕಡಿಯೂ ಅಲ್ಲಿ ಸೇವೆ ಸಲ್ಲಿಸಿತು.

ಹೊರದೇಶದ ಲೈಬೀರಿಯನ್ನರು

ಯುದ್ಧಕಾಲದಲ್ಲಿ ಲಕ್ಷಾಂತರ ಜನರು ನೆರೆದೇಶಗಳಿಗೆ ಓಡಿಹೋದರು. ಘಾನಾದ ಅಕ್ರಾ ಸಮೀಪ 1990ರಲ್ಲಿ ಆರಂಭವಾದ ಬುಡುಬುರಾಂ ಶಿಬಿರವು ಒಂದು ಪೂರ್ಣ ಪಟ್ಟಣವಾಗಿ ಬೆಳೆಯಿತು. ಅಮೆರಿಕಕ್ಕೆ ಹೋದವರು ರೋಡ್ ಐಲೆಂಡಿನ ಪ್ರಾವಿಡೆನ್ಸ್, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್, ಫಿಲಡೆಲ್ಫಿಯಾ ಮತ್ತು ಮಿನಿಸೋಟದ ಬ್ರೂಕ್ಲಿನ್ ಪಾರ್ಕ್ ಮೊದಲಾದೆಡೆ ನೆಲೆಸಿದರು. ಅವರಲ್ಲಿ ಅನೇಕರು 1991ರಿಂದ ತಾತ್ಕಾಲಿಕ ಪರವಾನಗಿಯಲ್ಲಿ, ಅವಧಿ ಮುಗಿದಾಗಲೆಲ್ಲ ಗಡೀಪಾರಿನ ಭಯದಲ್ಲಿ ಬದುಕಿದರು. 2019ರ ಡಿಸೆಂಬರಿನ ಕಾನೂನು ಅವರಿಗೆ ಶಾಶ್ವತ ನಿವಾಸದ ದಾರಿ ತೆರೆಯಿತು.

ಈ ಊರುಗಳ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಮರಗೆಣಸಿನ ಸೊಪ್ಪು, ತಾಳೆ ಎಣ್ಣೆ, ಒಣಮೀನು ದೊರೆಯುತ್ತವೆ. ಜುಲೈ 26ರ ಉತ್ಸವದಲ್ಲಿ ಕಾಂಗೊ, ಕಂಟ್ರಿ ಎಂಬ ಭೇದವನ್ನು ಯಾರೂ ಕೇಳುವುದಿಲ್ಲವಾದರೂ ಪ್ರಾಂತವಾರು, ಜನಾಂಗವಾರು ಸಂಘಗಳು ಬೇರೆ ಬೇರೆಯಾಗಿಯೇ ಇವೆ. ಮರಣ ಸಂಭವಿಸಿದಾಗ ವಂತಿಗೆ ಎತ್ತುವುದು, ಊರಿನ ಶಾಲೆಗೆ ಹಣ ಕಳುಹಿಸುವುದು ಇವುಗಳ ಮುಖ್ಯ ಕೆಲಸ. ಅಲ್ಲಿ ಹುಟ್ಟಿದ ಮಕ್ಕಳಿಗೆ ಬಾಸ, ಪೆಲೆ ಮೊದಲಾದ ಅಜ್ಜಿಯ ಭಾಷೆಗಳು ದಕ್ಕುವುದು ವಿರಳ. ಅವರಿಗೆ ಸಾಮಾನ್ಯವಾಗಿ ಉಳಿಯುವುದು ಕೊಲೊಕ್ವದ ಕೆಲವು ಮಾತು, ಕೈಕುಲುಕಿನ ಚಿಟಿಕೆ ಮತ್ತು ಅನ್ನ. ಹೆಲೆನ್ ಕೂಪರ್ ಅವರ ಆತ್ಮಕಥನ ‘ದಿ ಹೌಸ್ ಅಟ್ ಶುಗರ್ ಬೀಚ್’ (2008) ವಲಸಿಗ ಮನೆತನದ ಹುಡುಗಿ ಮತ್ತು ಅದೇ ಮನೆಯಲ್ಲಿ ಬೆಳೆದ ಬಾಸ ಜನಾಂಗದ ಸಾಕುಸಹೋದರಿಯ ಕಥೆಯ ಮೂಲಕ ಇಡೀ ದೇಶದ ಒಳಬಿರುಕನ್ನು ತೋರಿಸುತ್ತದೆ.

ಬೇರೆ ದೇಶದ ಪೌರತ್ವ ಪಡೆದವರು ಲೈಬೀರಿಯದ ಪೌರತ್ವ ಕಳೆದುಕೊಳ್ಳುತ್ತಾರೆಂಬ 1973ರ ನಿಯಮವನ್ನು 2022ರ ಜುಲೈನಲ್ಲಿ ತಿದ್ದಿ ದ್ವಿಪೌರತ್ವಕ್ಕೆ ಅವಕಾಶ ನೀಡಲಾಯಿತು. ಮಿನಿಸೋಟದಲ್ಲಿರುವ ಲೈಬೀರಿಯನ್ನನಿಗೆ ಇದರಿಂದ ತಾಯ್ನಾಡಿನಲ್ಲಿ ಜಮೀನು ಹೊಂದುವ ಹಕ್ಕು ಉಳಿಯಿತು. ಸಂವಿಧಾನದ 27ನೆಯ ವಿಧಿಯು ಮಾತ್ರ ಹಾಗೆಯೇ ಇದೆ. ಅದರಂತೆ ಕಪ್ಪು ಜನಾಂಗದವರು ಅಥವಾ ಅವರ ಸಂತತಿಯವರಷ್ಟೇ ಪೌರರಾಗಬಲ್ಲರು. ಮನ್ರೋವಿಯದಲ್ಲಿಯೇ ಹುಟ್ಟಿ, ಕೊಲೊಕ್ವ ಮಾತನಾಡುತ್ತ ಬೆಳೆದ ಲೆಬನಾನ್ ಮತ್ತು ಭಾರತ ಮೂಲದ ವ್ಯಾಪಾರಿ ಕುಟುಂಬಗಳ ಮಕ್ಕಳು ಇಂದಿಗೂ ಅಲ್ಲಿ ಪೌರರಲ್ಲ. ಅವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಪಡೆಯಬಹುದು.